ತಲುಪದ ಇಮೇಲ್‌ಗಳು

ತನ್ನ ಡೇಟಾಬೇಸ್ ಅಳಿಸಿಹೋದ ಬಗ್ಗೆ ಕೋಡ್ ಹೋಸ್ಟಿಂಗ್ ಸಂಸ್ಥೆ ಗಿಟ್‌ಲ್ಯಾಬ್ 2017ರ ಫೆಬ್ರವರಿ 10ರಂದು ಪ್ರಕಟಿಸಿದ ಪೋಸ್ಟ್‌ಮಾರ್ಟಂ ವರದಿಗೆ ಐಟಿ ವಲಯದಲ್ಲಿ ಹೆಚ್ಚುಕಡಿಮೆ ಪಠ್ಯಪುಸ್ತಕದ ಮರ್ಯಾದೆ ಸಿಕ್ಕಿದೆ. ತಪ್ಪನ್ನು ಮುಚ್ಚಿಡಲಿಲ್ಲ, ರಿಕವರಿಯನ್ನು ಯೂಟ್ಯೂಬ್‌ನಲ್ಲಿ ನೇರ ತೋರಿಸಿದರು, ಎಂಜಿನಿಯರ್‌ ಹೆಸರು ಬಯಲಿಗೆಳೆಯಲಿಲ್ಲ ಎಂದೆಲ್ಲ ಹೊಗಳುತ್ತಾರೆ. ಹೊಗಳಿಕೆ ಸುಳ್ಳಲ್ಲ. ಆದರೆ ಪ್ರಾಮಾಣಿಕವಾಗಿ ಬರೆದದ್ದೆಲ್ಲ ಕೊನೆಮುಟ್ಟ ಯೋಚಿಸಿ ಬರೆದದ್ದೇನೂ ಅಲ್ಲ.

ಕತೆ ಎಲ್ಲರಿಗೂ ಗೊತ್ತು. ಜನವರಿ 31ರ ರಾತ್ರಿ ಒಬ್ಬ ಎಂಜಿನಿಯರ್ ಸೆಕೆಂಡರಿ (ನಕಲು) ಸರ್ವರ್ ಎಂದುಕೊಂಡು ಪ್ರೈಮರಿ (ಮೂಲ) ಡೇಟಾಬೇಸ್ ಸರ್ವರ್‌ನಲ್ಲೇ ಡಿಲೀಟ್ ಕಮಾಂಡ್ ಕೊಟ್ಟರು. ಸುಮಾರು 300 ಜಿಬಿ ಇದ್ದಲ್ಲಿ ಉಳಿದದ್ದು 4.5 ಜಿಬಿ. ಓದುಗರೆಲ್ಲ ಈ ಘಳಿಗೆಗೇ ಜೋತುಬಿದ್ದಿದ್ದಾರೆ. ನನಗದು ವರದಿಯ ತೀರಾ ಸಪ್ಪೆ ಭಾಗ. ರಾತ್ರಿ ದಣಿದವರು ತಪ್ಪು ಟರ್ಮಿನಲ್‌ನಲ್ಲಿ ಟೈಪ್ ಮಾಡಿಯೇ ಮಾಡುತ್ತಾರೆ; ಬ್ಯಾಕಪ್ ಇರುವುದೇ ಅದಕ್ಕೆ.

ನಿಂತು ಓದಬೇಕಾದದ್ದು ಪಿಜಿ-ಡಂಪ್ ಪ್ರಸಂಗ, ಅಂದರೆ ಡೇಟಾಬೇಸಿನ ಬ್ಯಾಕಪ್ ಪ್ರತಿ ತೆಗೆಯುವ ಪ್ರೋಗ್ರಾಮಿನದು. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ರನ್ ಆಗುತ್ತಿದ್ದ ಡಂಪ್ ಪ್ರೋಗ್ರಾಂ 9.2ರದು. ವರ್ಷನ್ ಹೊಂದದೆ ಅದು ಎರರ್ ಕೊಟ್ಟು ನಿಲ್ಲುತ್ತಿತ್ತು; ಪ್ರತಿಗಳು ಸೇರಬೇಕಿದ್ದ ಅಮೆಜಾನ್ ಎಸ್3 ಸಂಗ್ರಹದ ಬಕೆಟ್ ಖಾಲಿ. ಕೆಟ್ಟರೆ ಇಮೇಲ್ ಹೋಗುವ ಏರ್ಪಾಡೂ ಇತ್ತು. ಆದರೆ ಕಳಿಸಿದವರು ಅಸಲಿಯೇ ಎಂದು ನೋಡುವ ಡಿಮಾರ್ಕ್ ಪರಿಶೀಲನೆಯಲ್ಲಿ ಆ ಮೇಲ್‌ಗಳು ತಿರಸ್ಕೃತವಾದವು. ಕೆಟ್ಟಾಗ ಮಾತ್ರ ಬಾಯಿಬಿಡುವ ವ್ಯವಸ್ಥೆಯಲ್ಲಿ ಮೌನಕ್ಕೆ ಎರಡು ಅರ್ಥ: ಎಲ್ಲ ಸರಿಯಿದೆ, ಇಲ್ಲವೇ ಬಾಯೇ ಕಟ್ಟಿಹೋಗಿದೆ. ಡಂಪ್ ಯಶಸ್ವಿಯಾದಾಗಲೂ ಒಂದು ಮೇಲ್ ಬರಬೇಕೆಂದಿದ್ದರೆ ಅದು ಬಾರದ ದಿನವೇ ಯಾರಿಗಾದರೂ ಅನುಮಾನ ಬರುತ್ತಿತ್ತು. ವರದಿ ಇದನ್ನು ಮೇಲೆ ಮೇಲೆ ಸವರಿ ದಾಟುತ್ತದೆ. ಏಕೆ, ಏಕೆ ಎಂದು ಕೇಳುತ್ತ ಹೋಗಿ, ರಿಸ್ಟೋರ್ ಪರೀಕ್ಷೆಯೇ ಏಕೆ ನಡೆಯಲಿಲ್ಲ ಎಂಬಲ್ಲಿಗೆ ಬಂದಾಗ ಅದರ ಹೊಣೆ ಯಾರಿಗೂ ಇರಲಿಲ್ಲ ಎಂದು ಕೈತೊಳೆದುಕೊಳ್ಳುತ್ತದೆ. ಇನ್ನೊಂದು ‘ಏಕೆ’ ಬೇಕಿದ್ದದ್ದು ಅಲ್ಲಿಯೇ. ಹೊಣೆ ಹಂಚಬೇಕಾದವರು ಯಾರು? ಎಂಜಿನಿಯರನ್ನು ದೂರದಿರುವುದು ಸಭ್ಯತೆ. ಮೇಲಿನವರನ್ನೂ ಕೇಳದಿರುವುದು ಸಂಸ್ಥೆಗೆ ಬಲು ಅನುಕೂಲ. ಮುಂದಿನ ಕೆಲಸಗಳ ಪಟ್ಟಿಯಲ್ಲಿ ಡೇಟಾ ಉಳಿವಿಗೆ ಒಬ್ಬ ಹೊಣೆಗಾರರನ್ನು ನೇಮಿಸುವುದೂ ಸೇರಿದೆ, ಒಪ್ಪಿದೆ.

ಈ ವರದಿಯ ಟೀಕಾಕಾರರ ಮೇಲೆ ನನಗೆ ಇನ್ನೂ ಹೆಚ್ಚಿನ ತಕರಾರಿದೆ. ಅವರು ಕೂಡಲೇ 3-2-1 ಸೂತ್ರ ಎತ್ತುತ್ತಾರೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ ಈ ಸೂತ್ರ ಫೋಟೋ ಫೈಲುಗಳಿಗೆ ಚೆನ್ನ. ಫೈಲ್ ತೆರೆದರೆ ಚಿತ್ರ ಕಾಣುತ್ತದೆ. ಡೇಟಾಬೇಸ್ ಡಂಪ್ ರಿಸ್ಟೋರ್ ಆಗುವತನಕ ಬರೀ ನಂಬಿಕೆ. ಗಿಟ್‌ಲ್ಯಾಬ್ ಬಳಿ ಕಾಗದದ ಮೇಲೆ ಐದು ಬ್ಯಾಕಪ್-ರೆಪ್ಲಿಕೇಶನ್ ವಿಧಾನಗಳಿದ್ದವು, ಮೂರಕ್ಕಿಂತ ಎರಡು ಹೆಚ್ಚೇ! ಅಜೂರ್ ಡಿಸ್ಕ್ ಸ್ನ್ಯಾಪ್‌ಶಾಟ್‌ಗಳು ಎನ್‌ಎಫ್‌ಎಸ್ (ಫೈಲ್) ಸರ್ವರ್‌ಗಳಿಗಿದ್ದವು, ಡೇಟಾಬೇಸ್‌ಗೆ ಇರಲಿಲ್ಲ. ಪ್ರೈಮರಿಯಿಂದ ಸೆಕೆಂಡರಿಗೆ ನಡೆಯುವ ರೆಪ್ಲಿಕೇಶನ್ ಆಗಲೇ ಮುರಿದಿತ್ತು. ಅದನ್ನು ಸರಿಪಡಿಸಲು ಹೋಗಿಯೇ ಈ ಅನಾಹುತ. ಪ್ರತಿಗಳನ್ನು ಎಣಿಸುವ ಸೂತ್ರ ಖಾಲಿ ಬಕೆಟ್ಟನ್ನೂ ಒಂದೆಂದೇ ಎಣಿಸುತ್ತದೆ.

ಕಡೆಗೆ ಕೈಹಿಡಿದದ್ದು ಸುಮಾರು ಆರು ಗಂಟೆ ಹಳೆಯದಾದ ಒಂದು ಎಲ್‌ವಿಎಂ ಸ್ನ್ಯಾಪ್‌ಶಾಟ್ (ಡಿಸ್ಕಿನ ಆ ಕ್ಷಣದ ಪ್ರತಿ). ದಿನಕ್ಕೊಮ್ಮೆ ತಾನಾಗಿ ಆಗುತ್ತಿದ್ದದ್ದಲ್ಲ, ಸ್ಟೇಜಿಂಗ್ ಎಂಬ ಪ್ರಯೋಗದ ಸರ್ವರ್‌ಗಳಲ್ಲಿ ಏನನ್ನೋ ಪರೀಕ್ಷಿಸಲೆಂದು ಕೈಯಾರೆ ತೆಗೆದದ್ದು. ಅದಿಲ್ಲದಿದ್ದರೆ ನಷ್ಟ ಆರು ಗಂಟೆಗೆ ನಿಲ್ಲುತ್ತಿರಲಿಲ್ಲ. ತೆಗೆದವರು ಅದೇ ರಾತ್ರಿ ಡಿಲೀಟ್ ಕೊಟ್ಟ ಅದೇ ಎಂಜಿನಿಯರ್.