ಹೆಣ ಎತ್ತುವವರಿಲ್ಲದ ಪ್ರಳಯ

ಲೋಕ ಮುಳುಗುವ ಕತೆಗಳಿಗೆ ಈಗ ಒಳ್ಳೆಯ ಗಿರಾಕಿ. ಇಂದಿರಾನಗರದ ನೂರಡಿ ರಸ್ತೆಯ ಕಾಫಿ ಅಂಗಡಿಗಳಲ್ಲಿ ಕೂತವರ ಕೈಯಲ್ಲಿ, ಮೆಟ್ರೋದಲ್ಲಿ ನಿಂತವರ ಕೈಯಲ್ಲಿ ಇವೇ ಪುಸ್ತಕಗಳು. ಸರ್ಕಾರ ಗೋಡೆ ಕಟ್ಟುತ್ತದೆ, ನೀರು ಬತ್ತುತ್ತದೆ, ರೋಗ ಬಡಿಯುತ್ತದೆ, ನಾಡಿಗೆ ನಾಡೇ ಬೂದಿಯಾಗುತ್ತದೆ. ಅಳಿದುಳಿದವರು ಒಬ್ಬರೋ ಇಬ್ಬರೋ ನಡೆಯುತ್ತ ಹೋಗುತ್ತಾರೆ. ಇಂಗ್ಲಿಷ್ ಓದಿದವರು ಇದಕ್ಕೆ ಡಿಸ್ಟೋಪಿಯಾ ಅನ್ನುತ್ತಾರೆ. ನಾವು ಕೇಡುಗಾಲದ ಕಾದಂಬರಿ ಅಂತ ಕರೆದುಕೊಂಡಿದ್ದೇವೆ.

ನಾವು ಅಂದರೆ ಆರೇಳು ಮಂದಿ. ಕೋಡಿಹಳ್ಳಿ, ಮೋಟಪ್ಪನಪಾಳ್ಯ, ಹಲಸೂರಿನ ಕಡೆಯವರು. ಕಾಲೇಜು ಹುಡುಗರಿಬ್ಬರು, ಕೆ.ಜಿ.ಎಫ್.ನಿಂದ ರೈಲಿನಲ್ಲಿ ಬರುವ ಮೇಷ್ಟ್ರೊಬ್ಬರು, ನಸುಕಿಗೇ ಎದ್ದು ಬೀದಿ ಗುಡಿಸುವ ಪೌರಕಾರ್ಮಿಕ ಅಕ್ಕ ಒಬ್ಬರು. ಈ ಪುಸ್ತಕ ಒಂದೊಂದರ ಬೆಲೆ ನಮ್ಮಲ್ಲಿ ಕೆಲವರ ಒಂದು ದಿನದ ಕೂಲಿ. ಆದ್ದರಿಂದ ಒಬ್ಬರು ಓದುವುದು, ಭಾನುವಾರ ಸಂಜೆ ಉಳಿದವರಿಗೆ ಕನ್ನಡದಲ್ಲಿ ಕತೆ ಹೇಳುವುದು. ಹೀಗೆ ಬಾಯಲ್ಲಿ ಹೇಳುವಾಗ ಪುಸ್ತಕದ ಬಣ್ಣ ಬಯಲಾಗುತ್ತದೆ. ಪುಟದ ಮೇಲೆ ಮಹಾ ಗಂಭೀರವಾಗಿ ಕಂಡದ್ದು ನಮ್ಮ ಭಾಷೆಯಲ್ಲಿ ಹೇಳಿದರೆ ನಗು ತರಿಸುವುದುಂಟು. ಪಂಡಿತರು ಇದನ್ನು ವಿಮರ್ಶೆಯ ವಿಧಾನ ಅಂತ ಒಪ್ಪುತ್ತಾರೋ ಇಲ್ಲವೋ, ನಮಗೆ ಗೊತ್ತಿರುವ ವಿಧಾನ ಇದೇ.

ಮೊದಲು ಹೇಳಿದ್ದು ಅಮೆರಿಕದ ಕಾರ್ಮ್ಯಾಕ್ ಮೆಕಾರ್ಥಿಯ 'ದಿ ರೋಡ್'. 2006ರಲ್ಲಿ ಬಂದ ಕಾದಂಬರಿ, ಮರುವರ್ಷ ಪುಲಿಟ್ಜರ್ ಬಹುಮಾನ ಪಡೆಯಿತು. ಏನೋ ಒಂದು ಮಹಾ ದುರಂತ ನಡೆದಿದೆ. ಏನದು ಅಂತ ಲೇಖಕ ಹೇಳುವುದಿಲ್ಲ. ಸೂರ್ಯ ಮಸುಕು, ಎಲ್ಲೆಲ್ಲೂ ಬೂದಿ, ಗಿಡ ಮರ ಸತ್ತಿವೆ. ಒಬ್ಬ ಅಪ್ಪ, ಒಬ್ಬ ಚಿಕ್ಕ ಮಗ, ತಳ್ಳುಗಾಡಿಯಲ್ಲಿ ತಮ್ಮ ಸಾಮಾನು ಹಾಕಿಕೊಂಡು ದಕ್ಷಿಣದ ಕಡಲಿನ ಕಡೆ ನಡೆಯುತ್ತಾರೆ. ಎದುರಿಗೆ ಬಂದವರು ಮನುಷ್ಯರನ್ನೇ ತಿನ್ನುವವರಿರಬಹುದು. ಹಸಿವನ್ನು ಈತ ಬರೆದಿರುವುದು ಸುಳ್ಳಲ್ಲ. ಒಂದು ಡಬ್ಬಿ ಊಟ ಸಿಕ್ಕಾಗ ಅಪ್ಪ ಮಗನ ಮುಖ ನೋಡುವ ರೀತಿ ನಮಗೆ ಅರ್ಥವಾಯಿತು. ಕತೆ ಮುಗಿದ ಮೇಲೆ ಅಕ್ಕ ಕೇಳಿದರು:

"ಅಲ್ಲಾ ಮೇಷ್ಟ್ರೇ, ಅಪ್ಪ ಮಗ ಇಬ್ರೇ ಹೋಗ್ತಾವ್ರೆ ಅಂದ್ರಲ್ಲ, ಅವ್ರ ಕೇರಿಯೋರೆಲ್ಲ ಎಲ್ಲೋದ್ರು? ದಾರಿಯುದ್ದಕ್ಕೂ ಹೆಣ ಬಿದ್ದವೆ ಅಂತೀರ. ಅವನ್ನ ಎತ್ತೋರು ಯಾರು?"

ಮೇಷ್ಟ್ರ ಹತ್ತಿರ ಉತ್ತರ ಇರಲಿಲ್ಲ. ಪುಸ್ತಕದಲ್ಲೂ ಇಲ್ಲ. ಅಲ್ಲಿ ಹೆಣ ಎನ್ನುವುದು ದೃಶ್ಯದ ಭಾಗ. ನಾವು ಹುಟ್ಟಿದ ಸಮಾಜದಲ್ಲಿ ಹೆಣ ಎನ್ನುವುದು ಕೆಲವು ಜಾತಿಗಳ ತಲೆಗೆ ಕಟ್ಟಿದ ಕೆಲಸ. ನಮ್ಮ ಕಡೆಯ ಕಲ್ಪಳ್ಳಿ ಸ್ಮಶಾನಕ್ಕೆ ಹೋದರೆ ತಲೆಮಾರುಗಳಿಂದ ಗುಂಡಿ ತೋಡುತ್ತಾ ಬಂದ ಮನೆಗಳು ಕಾಣುತ್ತವೆ. ಅಂದಿನಿಂದ ಅಕ್ಕನ ಆ ಪ್ರಶ್ನೆಯನ್ನೇ ಹಿಡಿದು ಉಳಿದ ಪುಸ್ತಕಗಳನ್ನೂ ನೋಡುತ್ತಾ ಬಂದೆವು.

ಕೇರಿಯ ಪ್ರಶ್ನೆಯೂ ಸಣ್ಣದಲ್ಲ. ಲೋಕವೇ ಹಾಳಾದಾಗ ಒಬ್ಬಂಟಿ ಗಂಡಸು ತನ್ನ ಮಗನನ್ನಷ್ಟೇ ಉಳಿಸಿಕೊಳ್ಳಲು ಹೊರಡುತ್ತಾನೆ ಎನ್ನುವುದು ಮನುಷ್ಯ ಸ್ವಭಾವದ ಸತ್ಯ ಅಂತ ಇವರು ನಂಬಿಸುತ್ತಾರೆ. ನಮ್ಮ ನವ್ಯದ ನಾಯಕನೂ ಹೀಗೇ ಅಲ್ಲವೇ? ಅವನಿಗೂ ನೆರೆಹೊರೆ ಇರಲಿಲ್ಲ, ಅವನ ಸಂಕಟವೇ ಜಗತ್ತಿನ ಸಂಕಟವಾಗಿತ್ತು. 2020ರ ಮಾರ್ಚ್ 24ರ ರಾತ್ರಿ ನಾಲ್ಕು ಗಂಟೆಯ ಗಡುವು ಕೊಟ್ಟು ದೇಶಕ್ಕೆ ಬೀಗ ಹಾಕಿದಾಗ ಹೆದ್ದಾರಿಗಳಲ್ಲಿ ನಡೆದವರನ್ನು ನಾವೆಲ್ಲ ನೋಡಿದ್ದೇವೆ. ಅವರು ಗುಂಪಾಗಿ ನಡೆದರು. ಹೆಗಲ ಮೇಲೆ ಕೂಸು, ತಲೆಯ ಮೇಲೆ ಗಂಟು, ಜತೆಗೆ ಊರಿನವರು. ಕೇರಿಯಲ್ಲಿ ಎಲ್ಲರೂ ದೇವರಂಥವರು ಅಂತ ನಾವು ಹೇಳುತ್ತಿಲ್ಲ, ನೀರಿನ ಟ್ಯಾಂಕರ್ ಬಂದಾಗ ಕೊಡ ಹಿಡಿದು ಬಡಿದಾಡುವವರು ನಾವೇ. ಆದರೂ ಒಬ್ಬಂಟಿಯಾಗಿ ನಡೆಯುವುದು ನಮಗೆ ಗೊತ್ತಿಲ್ಲದ ವಿದ್ಯೆ.

ಆ ವರ್ಷ ಇದೇ ಬೆಂಗಳೂರಿನಲ್ಲಿ ನಡೆದದ್ದನ್ನು ಬರೆಯಲು ಯಾವ ಕಾದಂಬರಿಕಾರನಿಗೂ ಧೈರ್ಯ ಬಂದಿರಲಾರದು. ಮೇ 5ರಂದು ಮುಖ್ಯಮಂತ್ರಿ ಬಿಲ್ಡರುಗಳ ಜತೆ ಸಭೆ ನಡೆಸಿದ ಮೇಲೆ, ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ರೈಲುಗಳು ಬೇಡ ಅಂತ ಸರ್ಕಾರ ರೈಲ್ವೆಗೆ ಬರೆಯಿತು. ದೇಶವೆಲ್ಲ ಉಗಿದ ಮೇಲೆ ರೈಲು ಬಿಡಲು ಒಪ್ಪಿತು. ಪ್ರಳಯ ಬಂದರೂ ಗಾರೆ ಕಲಸುವವರು ಊರು ಬಿಡಬಾರದು!

ಐರ್ಲೆಂಡಿನ ಪಾಲ್ ಲಿಂಚ್ ಬರೆದ 'ಪ್ರಾಫೆಟ್ ಸಾಂಗ್' 2023ರ ಬೂಕರ್ ಪಡೆದ ಕಾದಂಬರಿ. ಡಬ್ಲಿನ್ ನಗರದಲ್ಲಿ ಸರ್ವಾಧಿಕಾರ ಬರುತ್ತದೆ. ಸಂಘಟನೆಯ ಕೆಲಸ ಮಾಡುವ ಗಂಡನನ್ನು ಪೊಲೀಸರು ಒಯ್ಯುತ್ತಾರೆ, ನಾಲ್ಕು ಮಕ್ಕಳ ತಾಯಿ ಐಲಿಷ್ ದಿನದಿನವೂ ಕುಸಿಯುತ್ತಾಳೆ. ಬಿಗಿಯಾದ ಪುಸ್ತಕ, ಕೆಳಗಿಡಲಾಗಲಿಲ್ಲ. ಆದರೆ ಸಿರಿಯಾದ ಸಂಕಟ ಪಶ್ಚಿಮದವರ ಎದೆಗೆ ತಟ್ಟಲಿ ಅಂತ ಲೇಖಕ ಅದನ್ನು ಡಬ್ಲಿನ್ನಿಗೆ ತಂದನಂತೆ. ಸಿರಿಯಾದ ತಾಯಿ ಅತ್ತರೆ ಅದು ಸುದ್ದಿ. ಅದೇ ಅಳುವನ್ನು ಬಿಳಿಯ ಮನೆತನಕ್ಕೆ ಕೊಟ್ಟರೆ ಭವಿಷ್ಯದ ಎಚ್ಚರಿಕೆ. ಮಾರ್ಗರೆಟ್ ಆಟ್‌ವುಡ್ ಮಾತ್ರ ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ: 1985ರ 'ದಿ ಹ್ಯಾಂಡ್‌ಮೇಡ್ಸ್ ಟೇಲ್'ನಲ್ಲಿ ಚರಿತ್ರೆಯಲ್ಲಿ ಎಲ್ಲೋ ನಡೆಯದ ಯಾವುದನ್ನೂ ತಾನು ಸೇರಿಸಿಲ್ಲ ಅಂತ. ಹೆಣ್ಣಿನ ಬಸಿರನ್ನು ಯಜಮಾನನ ಸೊತ್ತು ಮಾಡಿಕೊಂಡದ್ದು ಕರಿಯ ಗುಲಾಮ ಹೆಂಗಸರ ಮೇಲೆ ನಿಜವಾಗಿ ನಡೆದದ್ದೇ.

ನಮ್ಮ ದೇಶದ ಪ್ರಯಾಗ್ ಅಕ್ಬರ್ ಬರೆದ 'ಲೈಲಾ' 2017ರದು. ನಗರವನ್ನು ಗೋಡೆಗಳಿಂದ ಸೀಳಿ ಜಾತಿಗೊಂದು, ಧರ್ಮಕ್ಕೊಂದು ಬಡಾವಣೆ ಮಾಡಿದ್ದಾರೆ. ಮಡಿಯೇ ಕಾನೂನು. ಶ್ರೀಮಂತರ ಕಾರುಗಳು ಮೇಲಿನ ರಸ್ತೆಗಳಲ್ಲಿ ಹಾರುತ್ತವೆ, ಕೆಳಗೆ ಕೊಳಚೆ. ಮುಸ್ಲಿಮನನ್ನು ಮದುವೆಯಾದ ಶಾಲಿನಿಯಿಂದ ಮಗು ಲೈಲಾಳನ್ನು ಕಿತ್ತುಕೊಳ್ಳುತ್ತಾರೆ. ಹದಿನಾರು ವರ್ಷ ಆಕೆ ಹುಡುಕುತ್ತಾಳೆ. ಜಾತಿಯನ್ನು ಹೆಸರಿಟ್ಟು ಕರೆದದ್ದಕ್ಕೆ ಈ ಲೇಖಕನಿಗೆ ನಮ್ಮ ಶರಣು. ಆದರೆ ಗೋಡೆ ಎದ್ದ ದಿನ ಲೋಕ ಕೆಟ್ಟಿತು ಎನ್ನುವುದು ಶಾಲಿನಿಯ ಲೆಕ್ಕ. ಊರಿಗೂ ಹೊಲಗೇರಿಗೂ ನಡುವೆ ಇಟ್ಟಿಗೆಯಿಲ್ಲದ ಗೋಡೆ ಎಂದಿನಿಂದಲೂ ಇತ್ತಲ್ಲ? ಶಾಲಿನಿಯ ಮನೆಯಲ್ಲಿ ಮಗು ನೋಡಿಕೊಳ್ಳುತ್ತಿದ್ದ ಸಪ್ನಾ ಎಂಬ ಹುಡುಗಿಯೊಬ್ಬಳು ಬರುತ್ತಾಳೆ. ಅವಳನ್ನು ನಾವು ಕಾಣುವುದು ಒಡತಿಯ ಕಣ್ಣಿನಿಂದ. ಅಕ್ಕ ಹೇಳಿದ್ದು, "ಆ ಸಪ್ನಾನೇ ಕತೆ ಹೇಳಿದ್ರೆ ಬೇರೆ ತರ ಇರ್ತಿತ್ತು ಬಿಡಿ." ನಮ್ಮ ತೀರ್ಪೂ ಅದೇ.

ನಮ್ಮೂರಿನದೇ ಕೇಡುಗಾಲದ ಕತೆ ಅಂತ ಆಸೆಯಿಂದ ಹಿಡಿದದ್ದು ಲಾವಣ್ಯ ಲಕ್ಷ್ಮೀನಾರಾಯಣ್ ಅವರ ಪುಸ್ತಕ. 2020ರಲ್ಲಿ 'ಅನಲಾಗ್/ವರ್ಚುಯಲ್' ಅಂತ ಬಂತು, 2023ರಲ್ಲಿ ವಿಲಾಯಿತಿಯಲ್ಲಿ 'ದಿ ಟೆನ್ ಪರ್ಸೆಂಟ್ ಥೀವ್ಸ್' ಆಯಿತು, ಮರುವರ್ಷ ಆರ್ಥರ್ ಸಿ. ಕ್ಲಾರ್ಕ್ ಬಹುಮಾನದ ಕೊನೆಯ ಪಟ್ಟಿಗೂ ಹೋಯಿತು. ಬೆಂಗಳೂರು ಹೋಗಿ ಅಪೆಕ್ಸ್ ಸಿಟಿ ಆಗಿದೆ. ಬೆಲ್ ಎಂಬ ಕಂಪನಿಯದೇ ಆಳ್ವಿಕೆ. ದುಡಿಮೆ, ನಡತೆ, ಅಭಿಪ್ರಾಯ ಎಲ್ಲಕ್ಕೂ ಅಂಕ ಹಾಕುತ್ತಾರೆ. ಮೇಲಿನ ನೂರಕ್ಕೆ ಇಪ್ಪತ್ತು ಮಂದಿ ಸ್ವರ್ಗದಲ್ಲಿ, ತಳದ ಹತ್ತು ಮಂದಿಯನ್ನು ವಿದ್ಯುತ್ತಿಲ್ಲದ, ನಲ್ಲಿ ನೀರಿಲ್ಲದ ಕಡೆಗೆ ಗಡೀಪಾರು.

ಓದಿದ ಹುಡುಗ ಎರಡು ಪುಟಕ್ಕೇ ಎದ್ದು ನಿಂತಿದ್ದ. "ಇದು ಮೆರಿಟ್ ಅಲ್ವಾ ಸಾರ್!" ಹೌದು, ಮೀಸಲಾತಿಯ ಮಾತು ಬಂದಾಗಲೆಲ್ಲ ನಮ್ಮ ಮುಖಕ್ಕೆ ಹಿಡಿಯುವ ಅದೇ ಮೆರಿಟ್. ಅದನ್ನೇ ರಾಜ್ಯದ ಸಂವಿಧಾನ ಮಾಡಿಬಿಟ್ಟರೆ ಏನಾದೀತು ಅಂತ ಈ ಲೇಖಕಿ ತೋರಿಸಿದ್ದಾರೆ, ವ್ಯಂಗ್ಯವೂ ಹರಿತವಾಗಿದೆ. ಆಚೆಯಿಂದ ದತ್ತು ಬಂದ ಹುಡುಗಿಯೊಬ್ಬಳು, ಉಳಿದವರಿಗೆಲ್ಲ ಯಂತ್ರದ ನೆರವಿರುವಾಗ, ಬರೀ ಬೆರಳುಗಳನ್ನು ನಂಬಿ ಪಿಯಾನೊ ಕಲಿಯುವ ಭಾಗವನ್ನು ಇಬ್ಬರು ಹುಡುಗರೂ ಎರಡೆರಡು ಸಲ ಹೇಳಿದರು. ಕಾಲೇಜಿನಲ್ಲಿ ಅವರು ಮೊದಲ ತಲೆಮಾರು.

ತಕರಾರು ಒಂದಿದೆ. ಇಲ್ಲಿ ಎಲ್ಲರ ಎದೆಯಲ್ಲೂ ಇರುವುದು ಬೀಳುವ ಭಯ. ಮೇಲಿನಿಂದ ಜಾರಿ ಕೆಳಗೆ ಬಿದ್ದೇನೆಂಬ ಭಯ. ಇಂದಿರಾನಗರದಿಂದ ಎರಡು ಮೂರು ಮೈಲಿ ದೂರದ ಈಜಿಪುರದಲ್ಲಿ 2013ರ ಜನವರಿಯಲ್ಲಿ ಬುಲ್ಡೋಜರುಗಳು ಬಂದು ಬಡವರ ಕ್ವಾರ್ಟರ್ಸ್ ಜಾಗದ ಸುಮಾರು ಒಂದೂವರೆ ಸಾವಿರ ಸಂಸಾರಗಳನ್ನು ಎಬ್ಬಿಸಿದವು. ಬಹುಪಾಲು ದಲಿತರು, ಮುಸ್ಲಿಮರು. ಅಲ್ಲಿ ಮಾಲ್ ಕಟ್ಟುವ ಒಪ್ಪಂದವಾಗಿತ್ತು. ಎಷ್ಟೋ ಮಂದಿ ಅದೇ ಜಾಗದ ಪಕ್ಕದ ಫುಟ್‌ಪಾತಿನಲ್ಲಿ ವರ್ಷಗಟ್ಟಲೆ ಬದುಕಿದರು. ಅವರು ಯಾವ ಎತ್ತರದಿಂದಲೂ ಬಿದ್ದವರಲ್ಲ. 2024ರ ಬೇಸಿಗೆಯಲ್ಲಿ ಕೆ.ಆರ್.ಪುರ, ಮಹದೇವಪುರದ ಕಡೆ ನೀರು ನಿಂತು, ನಗರದ ಸುಮಾರು 6,900 ಸರ್ಕಾರಿ ಕೊಳವೆಬಾವಿ ಬತ್ತಿವೆ ಅಂತ ಸರ್ಕಾರವೇ ಹೇಳಿದಾಗ, ಅಪಾರ್ಟ್‌ಮೆಂಟಿನವರು ಲೋಕ ಮುಗಿಯಿತು ಅಂದರು. ಟ್ಯಾಂಕರಿಗೆ ಕಾಯುವುದು ನಮ್ಮ ಕೇರಿಗಳಿಗೆ ಅದಕ್ಕೂ ಹಿಂದಿನ ಬೇಸಿಗೆಗಳಲ್ಲೂ ಇದ್ದದ್ದೇ.

ಇಷ್ಟೆಲ್ಲ ಮಾತಾಡಿದ ಮೇಲೆ ಮೇಷ್ಟ್ರು, ಕನ್ನಡದಲ್ಲಿ ಅಕ್ಕನ ಪ್ರಶ್ನೆಯನ್ನೇ ಹೊತ್ತ ಪುಸ್ತಕ ಒಂದಿದೆ ಅಂದರು. ಅನಂತಮೂರ್ತಿಯವರ 'ಸಂಸ್ಕಾರ', 1965. ಕೇಡುಗಾಲದ ಕಾದಂಬರಿ ಅಂತ ಅದನ್ನು ಯಾರೂ ಕರೆದಿಲ್ಲ, ಆದರೆ ಪ್ಲೇಗು ಬಂದ ಅಗ್ರಹಾರ ಅದು. ಇಲಿ ಸಾಯುತ್ತವೆ, ಹದ್ದು ಇಳಿಯುತ್ತವೆ, ಒಂದು ಹೆಣ ಕೊಳೆಯುತ್ತಿದೆ. ನಾರಣಪ್ಪನ ಹೆಣ ಎತ್ತುವವರು ಯಾರು? ಬ್ರಾಹ್ಮಣರು ಉಪವಾಸ ಕೂತು ಶಾಸ್ತ್ರ ಹುಡುಕುತ್ತಾರೆ. ಕೊನೆಗೆ ಚಂದ್ರಿಯ ಮಾತಿಗೆ ಅಹಮದ್ ಬ್ಯಾರಿ ಎಂಬ ಮೀನು ವ್ಯಾಪಾರಿ ರಾತ್ರೋರಾತ್ರಿ ಗಾಡಿಯಲ್ಲಿ ಸಾಗಿಸಿ ಸುಟ್ಟುಬಿಡುತ್ತಾನೆ. ಶಾಸ್ತ್ರಕ್ಕೆ ಬಗೆಹರಿಯದ್ದು ಒಂದು ಎತ್ತಿನಗಾಡಿಗೆ ಬಗೆಹರಿಯಿತು. ಅದೇ ಪುಸ್ತಕದಲ್ಲಿ ಕೇರಿಯ ಬೆಳ್ಳಿಯ ಅಪ್ಪ ಅವ್ವ ಸಾಯುತ್ತಾರೆ. ಗುಡಿಸಲಿಗೆ ಬೆಂಕಿ ಇಟ್ಟು ಹೆಣ ಗುಡಿಸಲು ಒಟ್ಟಿಗೇ ಸುಡುತ್ತಾರೆ. ಅಗ್ರಹಾರದ ಒಂದು ಹೆಣಕ್ಕೆ ಇಡೀ ಕಾದಂಬರಿ, ಕೇರಿಯ ಹೆಣಗಳು ಹಾಗೆ ಬಂದು ಹೀಗೆ ಹೋಗುತ್ತವೆ. ಬೂಸಾ ಅನ್ನುವಂತಿಲ್ಲ, ದೊಡ್ಡ ಕೃತಿ. 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ಬಸವಲಿಂಗಪ್ಪನವರ ಮಂತ್ರಿಗಿರಿಯೇ ಹೋಯಿತು. ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಲ್ಲಿಸಲು ಹೊರಟವರೂ ಅವರೇ. ಆದರೆ ಬೆಳ್ಳಿಯ ಗುಡಿಸಲಿನ ಒಳಗೆ ನಿಂತು ಅದೇ ಪ್ಲೇಗನ್ನು ಬರೆಯುವವರು ಇನ್ನೂ ಬರಬೇಕು.

ಮೇಷ್ಟ್ರ ಊರಿನ ಕತೆಯೂ ಹಾಗೇ. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಬೆಂಗಳೂರಿನ ಬೀದಿಗೆ ಬಂದದ್ದು 1905ರಲ್ಲಿ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರು ಬಹುಪಾಲು ತಮಿಳು ಸೀಮೆಯಿಂದ ಬಂದ ದಲಿತರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಉಳಿದದ್ದು ಸಯನೈಡು ಬೆರೆತ ಮಣ್ಣಿನ 13 ದಿಬ್ಬ, ಒಟ್ಟು ಸುಮಾರು 3.3 ಕೋಟಿ ಟನ್. ಗಾಳಿ ಬೀಸಿದರೆ ಆ ಬೂದುಬಣ್ಣದ ಧೂಳು ಮನೆಯೊಳಗೆ. ಮೆಕಾರ್ಥಿಗೆ ಕಲ್ಪಿಸಬೇಕಾಗಿ ಬಂದ ಬೂದಿಯನ್ನು ನಮ್ಮ ಮೇಷ್ಟ್ರು ದಿನಾ ಬೆಳಿಗ್ಗೆ ಅಂಗಿಯಿಂದ ಕೊಡವಿಕೊಂಡು ರೈಲು ಹತ್ತುತ್ತಾರೆ. ಲೋಕ ಮುಗಿದ ಮೇಲೂ ಅಲ್ಲಿನವರು ಏಳೂವರೆಯ ಡ್ಯೂಟಿಗೆ ಬೆಂಗಳೂರಿಗೆ ಬರಬೇಕು. (ಅದೇ ಹೆಸರಿನ ಸಿನಿಮಾ 2018ರಲ್ಲಿ ಬಂದು ಕೋಟಿ ಕೋಟಿ ಗಳಿಸಿತು. ಗಣಿ ಕಾರ್ಮಿಕರು ಅದರಲ್ಲಿ ನಾಯಕನಿಗೆ ಜೈಕಾರ ಹಾಕುವ ಗುಂಪು.)

ಕೊನೆಗೆ ಹೇಳಿದ ಕತೆ ಹೊಸದಲ್ಲ, ಆದರೆ ಈಗ ಮತ್ತೆ ಎಲ್ಲರೂ ಓದುತ್ತಿರುವುದು. ಅಮೆರಿಕದ ಕರಿಯ ಲೇಖಕಿ ಆಕ್ಟೇವಿಯಾ ಬಟ್ಲರ್ 1993ರಲ್ಲಿ ಬರೆದ 'ಪ್ಯಾರಬಲ್ ಆಫ್ ದಿ ಸೋವರ್'. ಬಟ್ಲರ್ ಅವರ ತಾಯಿ ಬಿಳಿಯರ ಮನೆಗೆಲಸದವರು. ಅವ್ವ ಹಿಂಬಾಗಿಲಿನಿಂದ ಒಳಗೆ ಹೋಗುವುದನ್ನು ನೋಡಿ ಬೆಳೆದ ಮಗಳು ಈ ಲೇಖಕಿ, ಅಂದರೆ ಇಲ್ಲಿ ಸಪ್ನಾಳ ಮಗಳೇ ಪೆನ್ನು ಹಿಡಿದಿದ್ದಾಳೆ. ಕತೆ ಶುರುವಾಗುವುದು 2024ರಲ್ಲಿ. ಲಾರೆನ್ ಎಂಬ ಹುಡುಗಿಯ ಬಡಾವಣೆಯ ಗೋಡೆ ಒಡೆದು ಎಲ್ಲ ಸುಟ್ಟುಹೋಗುತ್ತದೆ, ಅವಳು ಉತ್ತರಕ್ಕೆ ನಡೆಯುತ್ತಾಳೆ. ಮೆಕಾರ್ಥಿಯ ರಸ್ತೆಯಂಥದೇ ರಸ್ತೆ, ಅಷ್ಟೇ ಭಯ. ಆದರೆ ಇವಳು ದಾರಿಯಲ್ಲಿ ಸಿಕ್ಕವರನ್ನು ಸೇರಿಸಿಕೊಳ್ಳುತ್ತಾ ಹೋಗುತ್ತಾಳೆ. ಸಾಲಕ್ಕೆ ಜೀತವಿದ್ದು ತಪ್ಪಿಸಿಕೊಂಡ ತಾಯಿ ಮಗಳೂ ಅವರಲ್ಲಿದ್ದಾರೆ. ನಂಬುವುದೋ ಬೇಡವೋ ಅಂತ ರಾತ್ರಿಯೆಲ್ಲ ಕಾವಲು ಕೂರುತ್ತಾರೆ, ಜಗಳವಾಡುತ್ತಾರೆ, ಬೆಳಿಗ್ಗೆ ಇದ್ದದ್ದನ್ನು ಹಂಚಿ ತಿನ್ನುತ್ತಾರೆ. ಜೀತ ಎನ್ನುವುದು ಈ ಲೇಖಕಿಗೆ ಭವಿಷ್ಯದ ಕಲ್ಪನೆಯಲ್ಲ, ಹೋದದ್ದು ಮತ್ತೆ ಬರುತ್ತಿರುವುದು. ಹಳ್ಳಿ ಶಾಲೆಯ ಮೇಷ್ಟ್ರುಗಳು ಈ ಒಂದು ಕತೆಯನ್ನಾದರೂ ಮಕ್ಕಳಿಗೆ ಹೇಳಬೇಕು.

ಅಕ್ಕ ಈ ಸಲವೂ ಅದನ್ನೇ ಕೇಳಿದರು. ಸತ್ತವರನ್ನು ಏನು ಮಾಡಿದರು?

ಮೇಷ್ಟ್ರು ಕೊನೆಯ ಪುಟ ತೆಗೆದು ನೋಡಿ ಹೇಳಿದರು. ಎಲ್ಲರೂ ಸೇರಿ ತಮ್ಮ ತಮ್ಮ ಸತ್ತವರನ್ನು ನೆನೆದು ಸಂಸ್ಕಾರ ಮಾಡುತ್ತಾರೆ, ಅವರ ಹೆಸರಿನಲ್ಲಿ ಓಕ್ ಮರದ ಬೀಜ ಊರುತ್ತಾರೆ.

"ಎಲ್ಲರೂನಾ?"

"ಎಲ್ಲರೂ."

"ಹಂಗಾದ್ರೆ ಇನ್ನೊಂದ್ಸಲ ಮೊದಲಿಂದ ಹೇಳಿ" ಅಂದರು ಅಕ್ಕ. ಹೊತ್ತಾಗಿತ್ತು, ಮೇಷ್ಟ್ರಿಗೆ ರೈಲಿನ ಚಿಂತೆ. ಮುಂದಿನ ಭಾನುವಾರಕ್ಕೆ ಇಟ್ಟುಕೊಂಡೆವು.