ಒಂದು ‘ಕಸಿನ್’, ಎರಡು ಸಂಬಂಧ: ‘ವುದರಿಂಗ್ ಹೈಟ್ಸ್’ನಲ್ಲಿ ನಂಟಸ್ತಿಕೆ

ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ (1847) ಎರಡು ಮನೆಗಳ, ಮೂರು ತಲೆಮಾರುಗಳ ಕಥೆ. ಅರ್ನ್‌ಶಾ ಮನೆತನದ ಹಿಂಡ್ಲಿ–ಕ್ಯಾಥರಿನ್ ಅಣ್ಣತಂಗಿಯರು. ಲಿಂಟನ್ ಮನೆತನದ ಎಡ್ಗರ್–ಇಸಬೆಲ್ಲಾ ಕೂಡ ಅಣ್ಣತಂಗಿಯರು. ಈ ವಂಶವೃಕ್ಷದ ಸಮತೋಲವನ್ನು ಸಿ. ಪಿ. ಸ್ಯಾಂಗರ್ 1926ರಲ್ಲಿಯೇ ತೋರಿಸಿಕೊಟ್ಟಿದ್ದರು. ಅದರ ಕೊಂಬೆಗಳಿಗೆ ಕನ್ನಡದ ಸಂಬಂಧವಾಚಕಗಳನ್ನು ಕಟ್ಟಿ ನೋಡಿದರೆ ಇಂಗ್ಲಿಷು ಮರೆಸುವ ಒಂದು ಭೇದ ಎದ್ದು ಕಾಣುತ್ತದೆ.

ಕ್ಯಾಥರಿನ್–ಎಡ್ಗರರ ಮಗಳು ಕ್ಯಾಥಿ. ಅವಳು ಮೊದಲು ಮದುವೆಯಾಗುವ ಲಿಂಟನ್ ಹೀತ್‌ಕ್ಲಿಫ್ ಅವಳ ‘ಕಸಿನ್’. ಅವನು ತೀರಿಕೊಂಡ ಮೇಲೆ ಅವಳು ಒಲಿಯುವ ಹೇರ್ಟನ್ ಕೂಡ ‘ಕಸಿನ್’. ಕನ್ನಡದಲ್ಲಿ ಮೊದಲನೆಯವನು ಸೋದರತ್ತೆಯ ಮಗ, ಎರಡನೆಯವನು ಸೋದರಮಾವನ ಮಗ. ಎರಡೂ ನಮ್ಮಲ್ಲಿ ಅನೇಕ ಸಮುದಾಯಗಳು ಒಪ್ಪುವ ಸೋದರಿಕೆಯ ಸಂಬಂಧಗಳೇ. ಇಂಗ್ಲೆಂಡಿಗೂ ಇದು ಹೊಸತಲ್ಲ: 1839ರಲ್ಲಿ ಚಾರ್ಲ್ಸ್ ಡಾರ್ವಿನ್ ತನ್ನ ಸೋದರಮಾವನ ಮಗಳನ್ನು ವರಿಸಿದ, 1840ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಸೋದರಮಾವನ ಮಗನನ್ನು. ಹಾಗಾಗಿ ಕಾದಂಬರಿಯ ಆತಂಕ ನೆಂಟರೊಳಗಣ ಮದುವೆಯದ್ದಲ್ಲ. ನಂಟಸ್ತಿಕೆಯನ್ನು ಯಾರು, ಯಾವುದಕ್ಕಾಗಿ ಬಳಸುತ್ತಾರೆ ಎಂಬುದು ಅದರ ಪ್ರಶ್ನೆ.

ಬೀದಿಯಿಂದ ಬಂದ ಸಾಕುಮಗ ಹೀತ್‌ಕ್ಲಿಫ್‌ಗೆ ತೀರಿಹೋದ ಮಗನೊಬ್ಬನ ಹೆಸರು ದೊರೆಯಿತು. ಮನೆತನದ ಹೆಸರು ದೊರೆಯಲಿಲ್ಲ. ಸಂಬಂಧವಾಚಕವೇ ಇಲ್ಲದ ಈತ ಮುಂದೆ ಒಂದೊಂದೇ ಸಂಬಂಧವನ್ನು ದಸ್ತಾವೇಜಿನಂತೆ ಸಂಪಾದಿಸುತ್ತಾನೆ. ಇಸಬೆಲ್ಲಾಳನ್ನು ಮದುವೆಯಾಗಿ ಕ್ಯಾಥಿಗೆ ಸೋದರತ್ತೆಯ ಗಂಡನಾಗುತ್ತಾನೆ. ಅವಳನ್ನು ಕೂಡಿಹಾಕಿ ತನ್ನ ಮಗನಿಗೆ ಮದುವೆ ಮಾಡಿಸಿ ಗಂಡನ ತಂದೆಯೂ ಆಗುತ್ತಾನೆ. ಕನ್ನಡದಲ್ಲಿ ಇಬ್ಬರೂ ‘ಮಾವ’. ಕೊಂಕಣಿಯಲ್ಲಿ ತಾಯಿಯ ಸೋದರ ‘ಮಾಮ’, ಗಂಡನ ತಂದೆ ‘ಮಾಂವ್’; ಸಲಿಗೆಗೂ ಅಧಿಕಾರಕ್ಕೂ ಅಲ್ಲಿ ಬೇರೆ ಬೇರೆ ಶಬ್ದಗಳಿವೆ. ಕನ್ನಡ ಅನುವಾದಕನು ‘ಮಾವ’ ಎಂದಷ್ಟೇ ಬರೆದರೆ, ಆ ಪದದ ಅಕ್ಕರೆಯು ಹೀತ್‌ಕ್ಲಿಫ್‌ನ ಕ್ರೌರ್ಯಕ್ಕೆ ಮುಸುಕಾದೀತು.

ಆ ಕ್ರೌರ್ಯಕ್ಕೆ ಕಾನೂನಿನ ಬೆಂಬಲವಿತ್ತು. ಅಂದಿನ ಇಂಗ್ಲಿಷ್ ಕಾನೂನಿನಂತೆ ಪತ್ನಿಯ ಚರಾಸ್ತಿ ಪತಿಯದಾಗುತ್ತಿತ್ತು. ಸಾಯುತ್ತಿರುವ ಲಿಂಟನ್ ಅದೆಲ್ಲವನ್ನೂ ತಂದೆಯ ಹೆಸರಿಗೆ ಉಯಿಲು ಬರೆಯುತ್ತಾನೆ. 1870ರಲ್ಲಿ ಗೋವೆಯಲ್ಲಿ ಜಾರಿಗೆ ಬಂದ ಪೋರ್ಚುಗೀಸ್ ಸಿವಿಲ್ ಸಂಹಿತೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ದಂಪತಿಗಳ ಆಸ್ತಿ ಸಮಾನ ಒಡೆತನದ್ದು. ಆಡಳಿತ ಪತಿಯ ಕೈಯಲ್ಲಿದ್ದರೂ ಅರ್ಧ ಪಾಲು ಪತ್ನಿಯದು. ಈ ನೆಲದ ಓದುಗರು ಕ್ಯಾಥಿಯ ನಿರ್ಗತಿಯನ್ನು ವಿಧಿಯಾಟವೆಂದು ಓದಲಾರರು. ಅದು ಒಂದು ದೇಶದ ಕಾನೂನು ಮಾಡಿದ ಕೆಲಸ.

ಎರಡನೆಯ ಸಂಬಂಧ ಇದಕ್ಕೆ ಮರುನುಡಿ. ಹೇರ್ಟನ್‌ನ ಪೂರ್ವಜನ ಹೆಸರೂ 1500 ಎಂಬ ಇಸವಿಯೂ ಮನೆಯ ಬಾಗಿಲ ಮೇಲೆ ಕೆತ್ತಿವೆ. ಅದನ್ನು ಓದಲೂ ಅವನಿಗೆ ಬರುವುದಿಲ್ಲ. ಮೊದಲು ಅವನ ಅನಕ್ಷರತೆಯನ್ನು ಹಂಗಿಸಿದ ಕ್ಯಾಥಿಯೇ ಕಡೆಗೆ ಓದು ಕಲಿಸುತ್ತಾಳೆ. ಹೀತ್‌ಕ್ಲಿಫ್ ಸತ್ತಾಗ ಮನಸಾರೆ ಅಳುವವನೂ ಹೇರ್ಟನ್ನನೇ: ರಕ್ತಸಂಬಂಧವಿಲ್ಲದವನು, ಅವನಿಂದಲೇ ಆಸ್ತಿ ಕಳೆದುಕೊಂಡವನು.

ಸೋದರತ್ತೆಯ ಮಗನೊಡನೆ ಬಲವಂತದಿಂದ ಆದದ್ದನ್ನು ಸೋದರಮಾವನ ಮಗನೊಡನೆ ಒಲವು ಸರಿಪಡಿಸುತ್ತದೆ. ‘ಕಸಿನ್’ ಎಂಬುದನ್ನು ಹಾಗೆಯೇ ಉಳಿಸಿಕೊಂಡ ಅನುವಾದದಲ್ಲಿ ಈ ವಿನ್ಯಾಸ ಅಳಿಸಿಹೋಗುತ್ತದೆ. ಸಂಬಂಧವು ಹಕ್ಕನ್ನು ತರಬಲ್ಲದು, ಬಾಂಧವ್ಯವನ್ನು ಪ್ರತಿ ತಲೆಮಾರೂ ಹೊಸದಾಗಿ ಗಳಿಸಬೇಕು ಎಂಬ ಬ್ರಾಂಟೆಯ ಅರಿವನ್ನು ಹೇಳಲು ನಮ್ಮ ಭಾಷೆಗಳಲ್ಲಿ ಪದಗಳು ಸಿದ್ಧವಾಗಿಯೇ ಇವೆ.