ಬೆಲೆ ನೋಡುವ ನಿಯಮ

ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ 13ನೆಯದು ಉಡುಗೊರೆಗೆ ಮೀಸಲು. ಬರೆದವರಿಗೆ ಲೋಕಜ್ಞಾನವಿತ್ತು. ಉಡುಗೊರೆಯೆಂದರೆ ವಸ್ತುವಷ್ಟೇ ಅಲ್ಲ, ಬಿಟ್ಟಿ ಪ್ರಯಾಣ, ಊಟ, ವಸತಿಯೂ ಸೇರುತ್ತವೆ. ಹಾಗಂತ ಅಪರೂಪಕ್ಕೊಂದು ಊಟವನ್ನೋ ದಾರಿಯಲ್ಲಿ ಸಿಕ್ಕ ಡ್ರಾಪನ್ನೋ ಲೆಕ್ಕಕ್ಕಿಟ್ಟಿಲ್ಲ. ಮದುವೆ, ಮುಂಜಿಗಳಲ್ಲಿ ಹತ್ತಿರದ ನೆಂಟರು, ಕಚೇರಿ ವ್ಯವಹಾರವಿಲ್ಲದ ಸ್ನೇಹಿತರು ಕೊಡುವ ಮುಯ್ಯಿಗೂ ಜಾಗವಿದೆ. ಮೊತ್ತ ದೊಡ್ಡದಾದರೆ ಸರ್ಕಾರಕ್ಕೆ ತಿಳಿಸಬೇಕು, ಅಷ್ಟೆ.

ನಿಯಮ ಎಡವುವುದು ಮಿಕ್ಕವರ ಉಡುಗೊರೆಯಲ್ಲಿ. ಅಲ್ಲಿ ಕೊಟ್ಟವರು ಯಾರೆಂದು ಕೇಳುವುದನ್ನು ಬಿಟ್ಟು ಬೆಲೆ ನೋಡುತ್ತದೆ. 2019ರ ತಿದ್ದುಪಡಿಯ ಪ್ರಕಾರ ಗ್ರೂಪ್ ಎ, ಬಿ ನೌಕರರಿಗೆ 5,000 ರೂಪಾಯಿ, ಗ್ರೂಪ್ ಸಿ ನೌಕರರಿಗೆ 2,000 ರೂಪಾಯಿ ಮೀರಿದರಷ್ಟೇ ಅನುಮತಿ ಬೇಕು. ಸಹಿ ಹಾಕುವವರಿಗೆ ಸಡಿಲ, ಕಡತ ಹೊರುವವರಿಗೆ ಬಿಗಿ! ಮಿತಿಯನ್ನೂ ಒಂದೊಂದು ಉಡುಗೊರೆಗೆ ಪ್ರತ್ಯೇಕವಾಗಿ ನೋಡಲಾಗುತ್ತದೆ. ಒಬ್ಬನೇ ಗುತ್ತಿಗೆದಾರ ಯುಗಾದಿಗೊಂದು, ಗಣೇಶನ ಹಬ್ಬಕ್ಕೊಂದು, ದೀಪಾವಳಿಗೊಂದು ಕೊಟ್ಟರೆ ಕೂಡಿ ನೋಡಿ ಎನ್ನುವುದಿಲ್ಲ.

"ಹಬ್ಬಕ್ಕೆ ಸಾರ್, ಮಕ್ಕಳಿಗೆ" ಎಂದು ಗುತ್ತಿಗೆದಾರ ಡ್ರೈಫ್ರೂಟ್ಸ್ ಡಬ್ಬಿ ಇಟ್ಟು ಹೋಗುತ್ತಾನೆ. ಬಿಲ್ಲಿನ ಮಾತೆತ್ತುವುದಿಲ್ಲ. ಎತ್ತಬೇಕಾಗಿಯೂ ಇಲ್ಲ, ಬಿಲ್ಲು ಅದೇ ಮೇಜಿನ ಮೇಲಿದೆ. ಡಬ್ಬಿಯ ಬೆಲೆ ಸಾವಿರದೊಳಗಿದ್ದರೆ ನಡತೆ ನಿಯಮದ ಅಂಕಿಗೆ ಸಿಗುವುದಿಲ್ಲ. ಆದರೆ 1988ರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಅಂಥ ಅಂಕಿಯೇ ಇಲ್ಲ. ತನ್ನ ಮುಂದೆ ಕೆಲಸವಿರುವವರಿಂದ ಪುಕ್ಕಟೆ ಅನುಚಿತ ಲಾಭ ಪಡೆದರೆ 11ನೇ ಕಲಮಿನಡಿ 6 ತಿಂಗಳಿಂದ 5 ವರ್ಷದವರೆಗೆ ಜೈಲು. ಒಂದನ್ನು ನಂಬಿ ಡಬ್ಬಿ ಮನೆಗೊಯ್ದವನು ಇನ್ನೊಂದರಲ್ಲಿ ಸಿಕ್ಕಿಬೀಳಬಹುದು.

ಇಡೀ ನಿಯಮದಲ್ಲಿ ಗಟ್ಟಿಯಾದದ್ದು ಅಂಕಿಯಿಲ್ಲದ ಒಂದು ಟಿಪ್ಪಣಿ: ಕಚೇರಿ ವ್ಯವಹಾರವಿರುವವರಿಂದ ಅದ್ದೂರಿ ಆತಿಥ್ಯವಾಗಲಿ, ಪದೇ ಪದೇ ಆತಿಥ್ಯವಾಗಲಿ ಬೇಡ. ಈ ಮಾತು ಉಡುಗೊರೆಗೂ ಅನ್ವಯಿಸಬೇಕಿತ್ತು. ಹಾಗಾಗುವವರೆಗೆ ನೌಕರರು ತಾವೇ ಗೆರೆ ಎಳೆದುಕೊಳ್ಳುವುದು ಲೇಸು. ಕಡತ ಬಾಕಿಯಿರುವವರಿಂದ ಏನನ್ನೂ ಮುಟ್ಟಬಾರದು. ಇಟ್ಟುಹೋದದ್ದನ್ನು ಅಂದೇ ಮೇಲಧಿಕಾರಿಗೆ ಬರೆದು ತಿಳಿಸಿ ವಾಪಸ್ ಕಳಿಸಬೇಕು. ಇದು ಮೊದಲಾಗಬೇಕಾದದ್ದು ದೊಡ್ಡ ಕೊಠಡಿಯಿಂದ. ಸಾಹೇಬರ ಕಾರಿನ ಡಿಕ್ಕಿಗೆ ಡಬ್ಬಿಗಳನ್ನು ಸಾಗಿಸಿದ ಜವಾನನ ಕೈಗೆ ಪ್ರಾಮಾಣಿಕತೆಯ ಸುತ್ತೋಲೆ ಕೊಟ್ಟು ಸಹಿ ಹಾಕಿಸಿಕೊಂಡರೆ ಅವನು ಸಹಿ ಹಾಕುತ್ತಾನೆ, ನಂಬುವುದಿಲ್ಲ.